ಕಾಡಿಗೆ ಅಂಚಿನ ಶುಭಾಶಯ

ರಜೆಗೆ ಮನೆಗೆ ಬಂದ ಮಕ್ಕಳಿಗೆ ಹೊತ್ತು ಕಳೆಯಲು ದೊಡ್ಡವರು ಏನನ್ನೂ ಒದಗಿಸದಿದ್ದ ದಿನಗಳು ಅವು. ನಾವೇ ಏನಾದರೊಂದು ಹುಡುಕಿಕೊಳ್ಳುತ್ತಿದ್ದೆವು. ಅರವತ್ತರ ದಶಕದ ಮೊದಲ ವರ್ಷಗಳಿರಬೇಕು. ಹಾಸ್ಟೆಲ್ಲಿನಿಂದ ಶಿಡ್ಲಘಟ್ಟದ ಮನೆಗೆ ಬಂದಿದ್ದ ನನಗೆ ಆ ಡಿಸೆಂಬರಿನಲ್ಲಿ ಕೈತುಂಬ ಕೆಲಸ. ಹಳೆಯ ಕಾಗದದಿಂದ ಹೊಸ ಕಾಗದ ಮಾಡಿ ಗ್ರೀಟಿಂಗ್ ಕಾರ್ಡ್ ತಯಾರಿಸುವುದನ್ನು ನಮ್ಮ ಕಾನ್ವೆಂಟಿನ ಕ್ರಾಫ್ಟ್ ಸಿಸ್ಟರ್ ಕಲಿಸಿದ್ದರು.

ನನ್ನ ಕಾರ್ಡು ನಗರಗೆರೆಗೆ ಮದುವೆಯಾಗಿ ಹೋಗಿದ್ದ ಅಕ್ಕನಿಗೆ. ರಾಗಿ ಕಣದ ಕೆಲಸ ಮುಗಿಯದೆ ಅವಳನ್ನು ಸಂಕ್ರಾಂತಿಗೆ ಕಳಿಸಲಾಗದು ಎಂದು ಅವಳ ಅತ್ತೆ ಹೇಳಿಕಳಿಸಿದ್ದರು. ನನ್ನ ಕಾರ್ಡು ನೋಡಿದರೆ ಅವರ ಮನಸ್ಸು ಕರಗೀತು ಎಂದುಕೊಂಡಿದ್ದೆ.

ನೋಟ್‌ಬುಕ್ಕಿನ ಹಾಳೆಗಳನ್ನು ಮೂರು ದಿನ ನೆನೆಹಾಕಿ, ಮೆಂತ್ಯ ಸೇರಿಸಿ ಒರಳಿನಲ್ಲಿ ರುಬ್ಬಿದೆ. ಅಜ್ಜಿಗೆ ನಗು.

"ಏನೇ ಅಮ್ಮಣ್ಣಿ, ಇದನ್ನ ಕಲಿಯಕ್ಕೆ ಕಾನ್ವೆಂಟಿಗೆ ಹೋಗ್ಬೇಕಿತ್ತಾ? ಕಾಗದದ ಬುಟ್ಟಿ ಮಾಡಕ್ಕೆ ನಾವು ರುಬ್ಬೋದೂ ಇದೇ ಅಲ್ವೇನೇ?"

"ಇದು ಬುಟ್ಟಿಗಲ್ಲ ಅಜ್ಜಿ, ಪೇಪರ್ರಿಗೆ."

"ಪೇಪರ್ರೋ ಪೆಸರಟ್ಟೋ, ಒರಳು ತೊಳೆದಿಡಮ್ಮ. ನಾಳೆ ದೋಸೇಲಿ ಅಕ್ಷರ ಬಂದೀತು!"

ಆ ಹಿಟ್ಟನ್ನು ಜರಡಿಯಲ್ಲಿ ತೆಳ್ಳಗೆ ಹರಡಿ, ಹಳೆಯ ಪಂಚೆಯ ಮೇಲೆ ಬೋರಲು ಹಾಕಿ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಒಣಗಿಸಿದೆ. ಹಾಳೆಯ ಮೇಲೆ ಚಂದ್ರಿಕೆಯ ಸುತ್ತುಗಳು ನವಿರಾಗಿ ಮೂಡಿದ್ದವು. ತೂತುಬಿದ್ದ ಹಳದಿ ಗೂಡುಗಳನ್ನು ಎಸಳೆಸಳಾಗಿ ಕತ್ತರಿಸಿ ಹೂವು ಅಂಟಿಸಿದೆ. ಉಳಿದ ಹಾಳೆಯಲ್ಲಿ ಲಕೋಟೆ ಮಾಡಿದೆ. ಅದರ ಅಂಚುಗಳು ಮಾತ್ರ ಜುಂಗುಜುಂಗು. ಸಿಸ್ಟರ್ ತೋರಿಸಿದ್ದ ವಿಲಾಯಿತಿ ಕಾರ್ಡಿನ ಸುತ್ತ ಕಪ್ಪು ಗೆರೆಯಿತ್ತಲ್ಲ! ಅಮ್ಮನ ಕಾಡಿಗೆ ಡಬ್ಬಿ ತೆಗೆದು ಲಕೋಟೆಯ ನಾಲ್ಕು ಅಂಚಿಗೂ ನೀಟಾಗಿ ಬಳಿದೆ. ಯಾರಿಗೂ ತೋರಿಸದೆ ಅಂಚೆ ಡಬ್ಬಿಗೆ ಹಾಕಿ ಬಂದೆ.

ಶುಭದ ಕಾಗದದ ಅಂಚಿಗೆ ಅರಿಸಿನ, ಸಾವಿನ ಕಾಗದಕ್ಕೆ ಕಪ್ಪು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಾಸ್ಟೆಲ್ಲಿನಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲ. ಅಪ್ಪ ಟೈಫಾಯ್ಡಿನಿಂದ ಎದ್ದು ಆಗಿನ್ನೂ ತಿಂಗಳಾಗಿತ್ತು. ಅಕ್ಕನಿಗೆ ಆ ಭಯ ಇನ್ನೂ ಹೋಗಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅಪ್ಪ ಜಗಲಿಯಲ್ಲಿ ಕೂತು ನೆನೆದ ಅವರೆಕಾಳು ಹಿಸುಕುತ್ತಿದ್ದರು. ಬೀದಿಯ ತಿರುವಿನಲ್ಲಿ "ಅಪ್ಪಾ!" ಎಂಬ ಕೂಗು. ಕೆದರಿದ ತಲೆ, ಬರಿಗಾಲು, ಮೈಮೇಲೆ ಅತ್ತೆಯ ಶಾಲು, ಅಕ್ಕ ಓಡಿಬರುತ್ತಿದ್ದಳು. ಹಿಂದೆ ಭಾವ. ಅಪ್ಪನನ್ನು ಕಂಡವಳೇ ನಿಂತುಬಿಟ್ಟಳು. ಹತ್ತಿರ ಬಂದು ಅವರ ತೋಳು ಮುಟ್ಟಿದಳು.

"ಅಪ್ಪ, ಇದೀರಾ?"

"ಇದೀನಲ್ಲಮ್ಮ. ಅವರೆಕಾಳು ಹಿಸುಕ್ತಾ ಇದೀನಿ."

ಭಾವ ಜೇಬಿನಿಂದ ನನ್ನ ಲಕೋಟೆ ತೆಗೆದರು. ಒಡೆದೇ ಇರಲಿಲ್ಲ.

"ಅಂಚು ನೋಡಿದ್ಕೂಡ್ಲೇ ನಮ್ಮಮ್ಮ ಇದನ್ನ ಹೊಸಿಲು ದಾಟಿಸಲಿಲ್ಲ ಮಾವ. ತಮ್ಮ ಶಾಲು ಹೊದಿಸಿ, ಮೊದಲು ಹೊರಡಿ ಅಂದ್ರು. ಬಸ್ಸಲ್ಲಾದ್ರೂ ಒಡೆದು ನೋಡಣ ಅಂದ್ರೆ ಇವಳು ಮುಟ್ಟಕ್ಕೇ ಬಿಡಲಿಲ್ಲ."

ಅಪ್ಪ ಒಡೆದು ಗಟ್ಟಿಯಾಗಿ ಓದಿದರು: "ಅಕ್ಕನಿಗೆ ಸಂಕ್ರಾಂತಿಯ ಶುಭಾಶಯಗಳು. ಬೇಗ ಬಾ." ಕೆಮ್ಮು ಬರುವವರೆಗೆ ನಕ್ಕರು.

ಅಕ್ಕ ನನ್ನ ಬೆನ್ನಿಗೆ ಗುದ್ದಿದಳು. "ಕತ್ತೆ! ಅಲ್ಲಿಂದ ಇಲ್ಲೀವರ್ಗೂ ಅತ್ಕೊಂಡೇ ಬಂದಿದೀನಿ ಕಣೇ!" ಗುದ್ದಿದ ಕೈಯಲ್ಲೇ ಉಸಿರು ಕಟ್ಟುವಂತೆ ಅಪ್ಪಿಕೊಂಡಳು. ಅವಳ ಕೂದಲಲ್ಲಿ ಇನ್ನೂ ರಾಗಿಹೊಟ್ಟಿತ್ತು.

ಅಜ್ಜಿ ಹೊರಬಂದರು. "ಅಯ್ಯೋ ನಾ ತಲ್ಲಿ, ನನ್ನಮ್ಮ! ಇರ್ಲಿ ಬಿಡು, ಸತ್ರು ಅಂತ ಸುಳ್ಳು ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿಯಂತೆ. ಹೆಂಗೂ ಬಂದಿದಾಳೆ, ಹಬ್ಬ ಮುಗಿಸ್ಕೊಂಡೇ ಹೋಗ್ಲಿ."

ಮರುದಿನ ಭಾವ ಊರಿಗೆ ಮರಳಿ ವಿಷಯ ತಿಳಿಸಿದಾಗ ಅವರಮ್ಮ ಬೈಯಲಿಲ್ಲವಂತೆ. "ಬೀಗರು ಚೆನ್ನಾಗಿದಾರಲ್ಲ, ಅಷ್ಟು ಸಾಕು. ಹುಡುಗಿ ಇದ್ದು ಬರ್ಲಿ" ಅಂದರಂತೆ.

ಈಗ ಯಾರಿಗಾದರೂ ಹುಷಾರಿಲ್ಲವೆಂದರೆ ನಾವು ಮೊದಲು ಫೋನ್ ಮಾಡುತ್ತೇವೆ. ಯಾವ ಆಸ್ಪತ್ರೆ, ಡಾಕ್ಟರು ಏನಂದರು, ಬರಲೇಬೇಕಾ ಎಂದೆಲ್ಲ ವಿಚಾರಿಸುತ್ತೇವೆ. ತಪ್ಪೇನಿಲ್ಲ. ಅಕ್ಕನ ಕೊನೆಯ ಕಾಯಿಲೆಯಲ್ಲಿ ನಾನೂ ಹಾಗೆಯೇ ಕೇಳಿದೆ. "ಚೆನ್ನಾಗಿದೀನಿ ಕಣೇ, ಬಿಸಿಲಲ್ಲಿ ಬರ್ಬೇಡ" ಅಂದಳು. ನಂಬಿ ಮನೆಯಲ್ಲೇ ಉಳಿದೆ.