ನರ್ಸಮ್ಮ ಅಫ್ರಿಯೆ ಮತ್ತು ದೊರೆಯ ಮಾತುಗಾರ

“ಮಾತಲ್ಲಿ ನನ್ನ ಸೋಲ್ಸೋರು ಈ ಅಸಾಂಟೆ ಸೀಮೇಲಿ ಇನ್ನೂ ಹುಟ್ಟಿಲ್ಲ. ಹುಟ್ಬೇಕಾದೋರು ನನಗೆ ಹೆದರಿ ತಾಯಿ ಹೊಟ್ಟೇಲೇ ಕೂತವ್ರೆ!”

ಹೀಗೆಂದವನು ಬಾದು, ನಮ್ಮೂರ ದೊರೆಯ ಮಾತುಗಾರ. ದೊರೆ ಕೆಮ್ಮಿದರೆ ಅದನ್ನು ಅರ್ಧ ಗಂಟೆಯ ಭಾಷಣ ಮಾಡಿ ಜನರಿಗೆ ಬಡಿಸುವ ಆಸಾಮಿ. ಮೂತ್ರಪಿಂಡ ಕೈಕೊಟ್ಟು ಎರಡು ವರ್ಷವಾಗಿದ್ದರೂ ಡಯಾಲಿಸಿಸ್‌ಗೆ ಬರುವಾಗಲೂ ಮಾತುಗಾರನ ಪದವಿಯ ಗುರುತಾದ ಚಿನ್ನದ ತಗಡಿನ ಕೋಲು ಬಿಡುತ್ತಿರಲಿಲ್ಲ. ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುವ ಕಾಯಿಲೆ, ನನ್ನದೂ ಅದೇ. ಪಕ್ಕದ ಹಾಸಿಗೆಯವನಾದ ತಪ್ಪಿಗೆ ಅವನ ಭಾಷಣವೆಂಬ ಎರಡನೇ ಕಾಯಿಲೆಯೂ ನನಗಂಟಿತ್ತು.

ಅವನಿಗೆ ಎದುರಾದವಳು ಅಫ್ರಿಯೆ. ಇಪ್ಪತ್ತೆರಡು ವರ್ಷದಿಂದ ಆ ವಾರ್ಡಿನ ನರ್ಸು. ರೋಗಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಿಗೇ ಅವನು ನಿನ್ನೆ ಎಷ್ಟು ಲೋಟ ಕುಡಿದನೆಂದು ಹೇಳಬಲ್ಲಳು. ಅವಳು ನಕ್ಕದ್ದನ್ನು ಕಂಡವರೆಲ್ಲ ಈಗ ಸತ್ತುಹೋಗಿದ್ದಾರೆ.

ಮಂಗಳವಾರ ಬಾದು ತೂಕಕ್ಕೆ ನಿಂತ. ಐದು ಕಿಲೋ ಏರಿತ್ತು.

“ಒಂದು ತೊಟ್ಟು ನೀರು ಮುಟ್ಟಿಲ್ಲ ಕಣಮ್ಮ, ಹಿರಿಯರಾಣೆ.”

“ಸಾರು?”

“ಸಾರು ಅಂದ್ರೆ ಊಟ! ಫುಫು ಮುದ್ದೇನ ಸಾರಿಲ್ದೆ ನುಂಗೋಕೆ ನನ್ನ ಗಂಟಲೇನು ಬಾವೀನಾ?”

“ಹೆಂಡ?”

“ಅದು ಪಿತೃಗಳಿಗೆ ನೆಲಕ್ಕೆ ಹುಯ್ದಿದ್ದು.”

“ಕುಡಿದೋರು ಪಿತೃಗಳು, ಊದಿದ್ದು ನಿಮ್ಮ ಕಾಲು. ಒಳ್ಳೇ ಏರ್ಪಾಡು ತಾತ.”

ಹೆಬ್ಬೆರಳಿನಿಂದ ಅವನ ಮೊಣಕಾಲ ಕೆಳಗೆ ಒತ್ತಿದಳು. ಬಿದ್ದ ಗುಂಡಿಯಲ್ಲಿ ಕೋಳಿ ಕಾವಿಗೆ ಕೂರಬಹುದಿತ್ತು.

ಬಾದುವಿಗೆ ಆತುರ. ಶನಿವಾರ ಹೊಸ ದೊರೆ ಪೀಠವೇರುವ ದಿನ. ಅಂದು ನಿಂತು ಮಾತಾಡದಿದ್ದರೆ ಕೋಲು ಅಕ್ಕನ ಮಗ ಸಾರ್ಪಾಂಗನ ಪಾಲು.

“ಐದು ಕಿಲೋನೂ ಇವತ್ತೇ ಎಳೆದುಬಿಡು.”

“ಮೂರು ಮೀರಿದ್ರೆ ನೀರಿನ ಜತೆ ಜೀವಾನೂ ಬರುತ್ತೆ. ಶುಕ್ರವಾರ ಇವತ್ತಿಗಿಂತ ಕಮ್ಮಿ ತೂಗಿ, ಶನಿವಾರ ನಿಮಗೆ ಉಸಿರಿರುತ್ತೆ. ಹೆಚ್ಚಾದ್ರೆ ನೀರು ಶ್ವಾಸಕೋಶಕ್ಕೇರಿ ಇಲ್ಲೇ ಮಲಗ್ತೀರಿ. ಬಾಯಾರಿದ್ರೆ ಮುಕ್ಕಳಿಸಿ ಉಗೀರಿ.”

“ದೊರೆ ಮಾತುಗಾರ ಉಗಿಯೋದುಂಟಾ!”

ಉಗಿಯಲಿಲ್ಲ, ನುಂಗಿದ. ಮೂರು ದಿನ ಮನೆಮನೆಗೆ ಹೋಗಿ ಶನಿವಾರದ ಭಾಷಣ ಒಪ್ಪಿಸಿದ. ಮನೆಗೊಂದು ಬೋಗುಣಿ ಸಾರು, ಮನೆಗೊಂದು ಸೋರೆಬುರುಡೆ ಹೆಂಡ. ಇಡೀ ಊರಿನ ಕೊಡಗಳು ಬರಿದಾದವೆಂದೂ ಹೊಳೆ ಗೇಣುದ್ದ ಇಳಿಯಿತೆಂದೂ ಜನ ಆಡಿಕೊಂಡರು.

ಶುಕ್ರವಾರ ಅವನನ್ನು ಇಬ್ಬರು ಎತ್ತಿ ತಂದರು. ಏಳು ಕಿಲೋ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಮೇಕೆ ಮೇಯಿಸಿಕೊಂಡು ಬರುವಷ್ಟು ಬಿಡುವು. ಅಫ್ರಿಯೆ ತಲೆದಿಂಬು ಎತ್ತರಿಸಿ, ಮೂಗಿಗೆ ಆಮ್ಲಜನಕ ಕೊಟ್ಟು, ತೋಳಿಗೆ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಿದಳು. ಅವಳ ಕೈಗೆ ಮಾತ್ರ ತಿರಸ್ಕಾರ ಗೊತ್ತಿರಲಿಲ್ಲ. ಸೂಜಿ ಹೊಕ್ಕದ್ದು ಅವನಿಗೆ ತಿಳಿಯಲೇ ಇಲ್ಲ.

“ನಾಳೆಯೂ ಇಲ್ಲೇ ತಾತ. ಸಾರ್ಪಾಂಗನಿಗೆ ಹೇಳಿಕಳಿಸಿದೀನಿ.”

ಬಾದುವಿನ ಕಣ್ಣು ಕೆಂಡವಾಯಿತು. “ಕಂಡೋರ... ಉಚ್ಚೆ... ಅಳೆಯೋಳು... ನನ್ನ... ತಡೀತೀಯಾ?”

ಅಫ್ರಿಯೆ ರಕ್ತದೊತ್ತಡ ಬರೆದುಕೊಂಡು ಮುಗಿಸಿ ತಲೆಯೆತ್ತಿದಳು.

“ತಡೆಯೋಕೆ ನಾನ್ಯಾರು ತಾತ? ಬಾಗಿಲು ತೆಗೆದೇ ಇದೆ. ‘ನಾನು ಹೊರಟೆ’ ಅಂತ ಒಂದೇ ಉಸಿರಲ್ಲಿ ಹೇಳಿ. ಕೋಲು ಹೊತ್ಕೊಂಡು ಹಿಂದೆ ನಾನೇ ಬರ್ತೀನಿ.”