ಹಗ್ಗದಕ್ಕನ ಕೊರಳಲ್ಲಿ ಹಡಗಿನ ಬೀಗದ ಕೈ

ಬೆಳಗಿನ ಐದೂಮುಕ್ಕಾಲು. ಹದಿನಾಲ್ಕು ಅಂತಸ್ತಿನ ಪ್ರವಾಸಿ ಹಡಗೊಂದು ಈಗಷ್ಟೇ ಬಂದರಿನ ಕಟ್ಟೆಗೆ ಮೈಯಾನಿಸಿ ನಿಂತಿದೆ. ಮೇಲೆ ಮೂರು ಸಾವಿರ ಜನ ಇನ್ನೂ ಹೊದ್ದು ಮಲಗಿದ್ದಾರೆ. ಕೆಳಗೆ, ಅದರ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಕಾಣುವ ದೋಣಿಯಲ್ಲಿ, ಐವತ್ತೆರಡರ ಹೆಂಗಸೊಬ್ಬರು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಾರೆ. ಹಡಗಿನ ಬದಿಯ ಬಾಗಿಲು ತೆರೆಯುತ್ತದೆ. ಇಸ್ತ್ರಿ ಮುರಿಯದ ಬಿಳಿ ಅಂಗಿಯ ಮುಖ್ಯ ಎಂಜಿನಿಯರ್ ಏಣಿಯಿಳಿದು ಬಂದು ಮೂರು ಬೀಗದ ಕೈಗಳನ್ನು ಅವರ ಅಂಗೈಗೆ ಹಾಕುತ್ತಾರೆ.

ಒಂದು, ಹಡಗನ್ನು ಮುಂದಕ್ಕೆ ತಳ್ಳುವ ಪ್ರೊಪೆಲ್ಲರಿನದು. ಇನ್ನೊಂದು, ಬದಿಗೆ ತಿರುಗಿಸುವ ಯಂತ್ರದ್ದು. ಮೂರನೆಯದು ಸಮುದ್ರದ ನೀರು ಎಳೆಯುವ ಪಂಪಿನದು. ಮೂರನ್ನೂ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ ಮೇಲೆಯೇ ಅವರು ದೋಣಿಯಲ್ಲೇ ಕೂತ ತಮ್ಮನತ್ತ ತಿರುಗಿ, "ಹೂಂ, ಇಳಿ" ಅನ್ನುವುದು. ಇನ್ನು ಅವರು ಕೊರಳಿನಿಂದ ದಾರ ತೆಗೆಯುವ ತನಕ ಈ ಬೆಟ್ಟದಂಥ ಹಡಗು ಅಲುಗುವಂತಿಲ್ಲ.

ಬಂದರಿನಲ್ಲಿ ಎಲ್ಲರಿಗೂ ಅವರು ಹಗ್ಗದಕ್ಕ. ಅವರ ತಮ್ಮ ಮುಳುಗುಗಾರ, ನೀರಿನಡಿ ಕೆಲಸ ಮಾಡುವವನು. ಹಡಗಿನ ತಳಕ್ಕೆ ಪಾಚಿಯೂ ಕಲ್ಲಿನಂತೆ ಕಚ್ಚಿಕೊಳ್ಳುವ ಪುಟ್ಟ ಚಿಪ್ಪುಜೀವಿಗಳೂ ಅಂಟುತ್ತವೆ. ಬಿಟ್ಟರೆ ಹಡಗಿನ ವೇಗ ಕುಗ್ಗುತ್ತದೆ, ಎಣ್ಣೆ ಸುರಿದಷ್ಟೂ ಸಾಲದು. ಅದನ್ನೆಲ್ಲ ಕೆರೆದು ತೆಗೆಯುವುದು, ಪ್ರೊಪೆಲ್ಲರ್ ಉಜ್ಜುವುದು, ನೀರೆಳೆಯುವ ಕಿಂಡಿಗಳ ಜಾಲರಿಗೆ ಸಿಕ್ಕ ಕಸ ಬಿಡಿಸುವುದು ಅವನ ಕೆಲಸ. ಮೇಲೆ ಕೂತು ಅವನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿಯುವುದು ಅಕ್ಕನ ಕೆಲಸ. ಒಮ್ಮೆ ಜಗ್ಗಿದರೆ ಕ್ಷೇಮ. ಎರಡು ಸಲ ಜಗ್ಗಿದರೆ ಇನ್ನಷ್ಟು ಹಗ್ಗ ಬಿಡು. ನಾಲ್ಕು ಸಲಕ್ಕೆ ಮೇಲಕ್ಕೆಳೆ. ತಿಂಗಳಿಗೆ ಆರೇಳು ಹಡಗು, ದಿನಕ್ಕೆ ಐದು ತಾಸು. ಅಷ್ಟು ಹೊತ್ತೂ ಅವರ ಮಾತುಕತೆ ಇಷ್ಟೇ.

ಹನ್ನೊಂದು ವರ್ಷದ ಹಿಂದೆ ಅಕ್ಕ ಹೊಲಿಗೆ ಅಂಗಡಿಯಲ್ಲಿದ್ದವರು. ಒಂದು ಮಧ್ಯಾಹ್ನ ತಮ್ಮನಿಗೆ ಊಟ ಕೊಡಲು ಬಂದರು. ಹಗ್ಗ ಹಿಡಿದವನನ್ನು ನೋಡಿ ಪಿತ್ತ ನೆತ್ತಿಗೇರಿತು. "ಒಂದು ಕೈಲಿ ಹಗ್ಗ, ಇನ್ನೊಂದು ಕೈಲಿ ಮೊಬೈಲು! ಕೆಳಗಿರೋದು ನನ್ನ ತಮ್ಮ ಕಣಯ್ಯಾ, ಗಾಳದ ಮೀನಲ್ಲ ಅಂದೆ. ಹಗ್ಗ ಕಿತ್ಕೊಂಡೆ. ಅವತ್ತು ಹಿಡಿದಿದ್ದು, ಇನ್ನೂ ಬಿಟ್ಟಿಲ್ಲ." ಕಷ್ಟವಾಗಲಿಲ್ಲವೇ ಎಂದರೆ ಬೆರಳು ತೋರಿಸುತ್ತಾರೆ. "ಇಪ್ಪತ್ತು ವರ್ಷ ಮಿಷನ್ ತುಳಿದಿದ್ದೀನಿ. ದಾರದ ಬಿಗಿ ಗೊತ್ತಿದ್ದೋಳಿಗೆ ಹಗ್ಗದ ಬಿಗಿ ಗೊತ್ತಾಗಲ್ವಾ?"

ಆ ಬೆರಳುಗಳೇ ಒಂದು ಜೀವ ಉಳಿಸಿದವು. ಆರು ವರ್ಷದ ಹಿಂದಿನ ಮಾತು. ಆಗ ಬೀಗದ ಪದ್ಧತಿ ಇರಲಿಲ್ಲ. ಯಂತ್ರಗಳೆಲ್ಲ ಬಂದ್ ಆಗಿವೆ ಎಂದು ಹಡಗಿನವರು ಒಂದು ಕಾಗದಕ್ಕೆ ಸಹಿ ಹಾಕಿ ಕೊಡುತ್ತಿದ್ದರು. ತಮ್ಮ ಕೆಳಗಿಳಿದು ಅರ್ಧ ತಾಸಾಗಿತ್ತು. ಹಗ್ಗ ಇದ್ದಕ್ಕಿದ್ದಂತೆ ಬಿಗಿಯಾಯಿತು. ಜಗ್ಗಲಿಲ್ಲ, ಸಡಿಲವೂ ಆಗಲಿಲ್ಲ. ಸಣ್ಣಗೆ ನಡುಗತೊಡಗಿತು.

"ಮನುಷ್ಯ ಹಿಡಿದ ಹಗ್ಗ ಹಾಗೆ ನಡುಗಲ್ಲ. ಅದು ಮಿಷನ್ ನಡುಕ. ಪಂಪು ಶುರುವಾಗಿದೆ, ಇವನನ್ನ ಜಾಲರಿಗೆ ಎಳ್ಕೊಂಡಿದೆ ಅಂತ ಗೊತ್ತಾಗಿಹೋಯ್ತು. ಎಳೆಯೋ ಹಾಗಿಲ್ಲ, ಎಳೆದ್ರೆ ಅವನು ಉಸಿರಾಡೋ ಗಾಳಿ ಕೊಳವೆ ಕಿತ್ತು ಬರುತ್ತೆ."

ಅಕ್ಕ ವೈರ್‌ಲೆಸ್‌ ಎತ್ತಿಕೊಂಡು ಕೂಗಿದರು. ನೋಡಿ ಹೇಳುತ್ತೇವೆ ಎಂಬ ಉತ್ತರ ಬಂತು. "ನೋಡೋದು ಆಮೇಲೆ ನೋಡ್ಕೊಳ್ಳಿ, ಮೊದಲು ನಿಲ್ಲಿಸ್ರೀ!" ಆ ಕೂಗಿಗೆ ಕಟ್ಟೆಯ ಮೇಲೆ ಸಾಮಾನು ಹೊರುತ್ತಿದ್ದವರೂ ಕಾಲು ಕಿತ್ತಿಡದೆ ನಿಂತುಬಿಟ್ಟರಂತೆ. ಎಂಜಿನ್ ಕೋಣೆಯಲ್ಲಿ ಯಾರೋ ಒಂದರ ಬದಲು ಮತ್ತೊಂದು ಗುಂಡಿ ಒತ್ತಿದ್ದರು. ಪಂಪು ನಿಲ್ಲಲು ಒಂದೂವರೆ ನಿಮಿಷ ಹಿಡಿಯಿತು. ನಡುಕ ನಿಂತಿತು. ಅಕ್ಕ ಹಗ್ಗವನ್ನು ಮೆಲ್ಲಗೆ ಒಮ್ಮೆ ಜಗ್ಗಿ ಕಾದರು. ಉತ್ತರವಿಲ್ಲ. ಮತ್ತೊಮ್ಮೆ ಜಗ್ಗಿದರು. ಆಗ ಕೆಳಗಿನಿಂದ ಬಂತು, ಒಂದೇ ಒಂದು ಜಗ್ಗು.

"ಅವನು ಮೇಲೆ ಬಂದ, ಭುಜದ ತುಂಬ ಜಾಲರಿ ಅಚ್ಚು. ಬಂದವನೇ 'ಅಕ್ಕಾ, ಹಸಿವು' ಅಂದ. ಬಾರಿಸೋಣ ಅನ್ನಿಸ್ತು, ಬುತ್ತಿ ಬಿಚ್ಚಿ ಮುಂದಿಟ್ಟೆ."

ಮುಂದಿನ ಹಡಗು ಬಂದಾಗ ಅಕ್ಕ ಸಹಿಯ ಕಾಗದವನ್ನು ಮಡಚಿ ವಾಪಸು ಕೊಟ್ಟರು. ಯಂತ್ರಗಳಿಗೆ ಬೀಗ ಹಾಕಿ ಕೈ ನನಗೆ ಕೊಡಿ, ಇಲ್ಲದಿದ್ದರೆ ನನ್ನ ತಮ್ಮ ಇಳಿಯುವುದಿಲ್ಲ ಎಂದರು. ಕ್ಯಾಪ್ಟನ್ ನಕ್ಕರು, ಗದರಿದರು, ಬೇರೆ ಮುಳುಗುಗಾರನನ್ನು ಕರೆಸುತ್ತೇನೆ ಎಂದರು. ಕರೆಸಿದವನು ಬಂದು, ವಿಷಯ ಕೇಳಿ, ತಾನೂ ದೋಣಿಯಲ್ಲಿ ಅಕ್ಕನ ಪಕ್ಕ ಕೂತುಬಿಟ್ಟ. ಮೂರು ತಾಸಿನ ಮೇಲೆ ಬೀಗದ ಕೈಗಳು ಇಳಿದು ಬಂದವು. ಇವತ್ತು ಈ ಬಂದರಿಗೆ ಬರುವ ಪ್ರತಿ ಹಡಗಿಗೂ ಅದೇ ನಿಯಮ. ಅಕ್ಕನ ಪಕ್ಕ ಕೂತವನು ಈಗ ಅವರ ಜೊತೆಗೇ ಇದ್ದಾನೆ. ಒಬ್ಬ ನೀರಿನಲ್ಲಿರುವಾಗ ಇನ್ನೊಬ್ಬ ಮೇಲೆ ಸಿದ್ಧ.

ಹನ್ನೊಂದು ಗಂಟೆಗೆ ಹಗ್ಗ ನಾಲ್ಕು ಸಲ ಜಗ್ಗುತ್ತದೆ. ತಮ್ಮ ಮೇಲೆ ಬಂದು ದೋಣಿಯ ಅಂಚಿಗೆ ಒರಗುತ್ತಾನೆ. ಅಕ್ಕ ಅವನ ಹತ್ತೂ ಬೆರಳು ನೋಡುತ್ತಾರೆ, ಆಮೇಲೆ ಕೊರಳಿನ ದಾರ ತೆಗೆಯುತ್ತಾರೆ.

ಮೇಲಿನ ಅಂತಸ್ತಿನಲ್ಲಿ ಈಜುಕೊಳವಂತೆ, ನಾಟಕಶಾಲೆಯಂತೆ, ಹತ್ತಿ ನೋಡುವ ಆಸೆಯಿಲ್ಲವೇ ಎಂದು ಅಕ್ಕನನ್ನು ಕೇಳಿದರೆ ಉತ್ತರ ಸಿದ್ಧ.

"ಅದನ್ನ ನೋಡೋಕೆ ಮೂರು ಸಾವಿರ ಜನ ಇದ್ದಾರಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಹಡಗನ್ನ ಒಣ ನೆಲದಲ್ಲಿ ನಿಲ್ಲಿಸಿ ರಿಪೇರಿ ಮಾಡ್ತಾರಂತೆ. ಅವತ್ತು ಅದರ ಹೊಟ್ಟೆ ಕೆಳಗೆ ಈ ತುದಿಯಿಂದ ಆ ತುದಿಗೆ ನಡೀಬೇಕು. ಇವನು ಕತ್ತಲಲ್ಲಿ ತಡವಿ ತಡವಿ ಉಜ್ಜಿದ ಜಾಗಾನೆಲ್ಲ ಬೆಳಕಲ್ಲಿ ನೋಡ್ಬೇಕು." ಅಕ್ಕ ತಮ್ಮನತ್ತ ಓರೆಗಣ್ಣು ಹಾಯಿಸುತ್ತಾರೆ. "ಎಲ್ಲಾದ್ರೂ ಒಂದು ಚಿಪ್ಪು ಉಳಿಸಿದ್ದ ಅನ್ನಿ, ಅಲ್ಲೇ ಕಿವಿ ಹಿಂಡ್ತೀನಿ."