ಸಾಹೇಬರ ಉಪ್ಪು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಎರಡು ಉಪ್ಪಿನ ಡಬ್ಬಿಗಳಿವೆ. ಒಂದು ನಮ್ಮದು, ಇನ್ನೊಂದು ಮೀನಿನದು. ನಗಬೇಡಿ. ಸಮುದ್ರವನ್ನು ಭೂಪಟದಲ್ಲಷ್ಟೇ ಕಂಡ ಅಫಜಲಪುರದಲ್ಲಿ ಕಡಲ ಮೀನು ಸಾಕುವುದೆಂದರೆ ಕಡಲನ್ನೇ ಚಮಚದಿಂದ ಅಳೆದು ಕಲಸಬೇಕು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನ್ನ ಹೆಂಡತಿ ಹೈದರಾಬಾದಿನಿಂದ ಗಾಜಿನ ತೊಟ್ಟಿಯ ಸಮೇತ ತಂದ, ಕೇಸರಿ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಆ ಹೆಬ್ಬೆರಳುದ್ದದ ಪ್ರಾಣಿ ಅಕ್ವೇರಿಯಂ ಅಂಗಡಿಯ ಸಮುದ್ರದುಪ್ಪಿನ ನೀರಿನಲ್ಲಷ್ಟೇ ಬದುಕುತ್ತದೆ.

ಅದಕ್ಕಿಂತ ವಿಚಿತ್ರವಾದದ್ದು ನನ್ನ ಅಪ್ಪನೊಂದಿಗೆ ಅದರ ಸ್ನೇಹ. ಗೊಬ್ಬೂರಿನ ತೊಗರಿ ಹೊಲವನ್ನು ನನ್ನ ತಮ್ಮನಿಗೆ ಒಪ್ಪಿಸಿ ನಮ್ಮೊಂದಿಗಿರುವ ಅಪ್ಪ, ಬೆಳಗಾದರೆ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು, "ಬರ್ರಿ ಸಾಹೇಬ್ರ, ನಿದ್ದಿ ಹತ್ತಿತ್ತೇನ್ರಿ?" ಎಂದು ವಿಚಾರಿಸುತ್ತಾನೆ. ಮೀನು ಗಾಜಿಗೆ ಮೂತಿ ಒತ್ತಿ ಬಾಲ ಆಡಿಸುತ್ತದೆ. ಕೋರ್ಟಿನಲ್ಲಿ ದಿನವಿಡೀ 'ಬರ್ರಿ ವಕೀಲ್ರ' ಎಂದು ಕರೆಸಿಕೊಳ್ಳುವ ನನಗೆ ಅಪ್ಪನಿಂದ ಹುಟ್ಟಿದಾಗಿನಿಂದ ದಕ್ಕಿದ್ದು 'ಲೇ' ಒಂದೇ. ಮೀನಿನ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸನ್ನು ನೀವು ಕಂಡಿರಲಿಕ್ಕಿಲ್ಲ, ಇಗೋ, ಇಲ್ಲಿದ್ದೇನೆ.

ಕಳೆದ ಬೇಸಿಗೆಯಲ್ಲಿ ಹೆಂಡತಿ ತರಬೇತಿಗೆಂದು ಮೈಸೂರಿಗೆ ಹೋದಾಗ ಮೀನಿನ ಡಬ್ಬಿ ಖಾಲಿಯಾಯಿತು. ಅಪ್ಪ ನಮ್ಮ ಡಬ್ಬಿಯ ಉಪ್ಪನ್ನೇ ಕಲಸಿ ತೊಟ್ಟಿಗೆ ಸುರಿದ.

"ನಮ್ಮ ಮನಿ ಉಪ್ಪು ತಿಂದ್ರ ಸಾಹೇಬ್ರು ನಮ್ಮವ್ರಾಗ್ತಾರ," ಎಂಬುದು ಅವನ ನ್ಯಾಯ. ಉಪ್ಪಿನ ಋಣವನ್ನು ಇಷ್ಟು ನಂಬಿದವನಿಗೆ ಎದುರುವಾದ ಹೂಡುವುದು ಯಾವ ವಕೀಲನಿಂದಲೂ ಆಗದು. ಆದರೆ ಸಾಹೇಬರು ಬಣ್ಣಗೆಟ್ಟು ತಳ ಸೇರಿದರು. ಅಡುಗೆಯ ಉಪ್ಪಿನಲ್ಲಿ ಕಡಲಿನ ಉಳಿದ ಸತ್ವಗಳಿಲ್ಲ, ನೀರು ಬದಲಿಸದಿದ್ದರೆ ಮೀನು ಉಳಿಯದು ಎಂದು ಹೆಂಡತಿ ಫೋನಿನಲ್ಲಿ ಗಾಬರಿಯಾದಳು. ಕಲಬುರಗಿಯಿಂದ ಸರಿಯಾದ ಉಪ್ಪು ತಂದು ನೀರು ಬದಲಿಸಿದೆ.

ಮರುದಿನವೂ ಮೀನು ತನ್ನ ತಿನಿಸಿನ ಕಾಳು ಮುಟ್ಟಲಿಲ್ಲ. ಅಪ್ಪ ರೊಟ್ಟಿ ಮುಟ್ಟಲಿಲ್ಲ. "ಜರಾ ತಗೋರಿ ಸಾಹೇಬ್ರ," ಎಂದು ಅಂಗಲಾಚುತ್ತ ಕುಳಿತ. ನನಗೆ ನಿಜಕ್ಕೂ ಭಯವಾಯಿತು, ಮೀನಿನ ಬಗ್ಗೆಯಲ್ಲ, ಅಪ್ಪನ ಬಗ್ಗೆ. ಕೊನೆಗೆ ಅವನ ದನಿ ಒಡೆಯಿತು. "ಉಣ್ಣಲೇ, ಖೋಡಿ. ನೀ ಉಣ್ಣದ ನಾ ಹ್ಯಾಂಗ ಉಣ್ಲಿ?"

ಮೀನು ಮೆಲ್ಲಗೆ ಮೇಲೆ ಬಂದು ಕಾಳು ಕಚ್ಚಿತು. ಹೊಸ ನೀರಿನ ಗುಣವೆಂದು ಹೆಂಡತಿಯ ಶಾಸ್ತ್ರ ಹೇಳುತ್ತದೆ, ಇರಲಿ. ಚಿಕ್ಕಂದಿನಲ್ಲಿ ನಾನು ಪರೀಕ್ಷೆಯಲ್ಲಿ ನಪಾಸಾಗಿ ಊಟ ಬಿಟ್ಟು ಮಲಗಿದ್ದಾಗ, ಇದೇ ಒಡೆದ ದನಿಯಲ್ಲಿ ಅಪ್ಪ ಇದೇ ಮಾತು ಅಂದಿದ್ದ. 'ರಿ' ಬಾಗಿಲಲ್ಲಿ ನಿಂತ ನೆಂಟರಿಗೆ, 'ಲೇ' ಮನೆಯವರಿಗೆ ಎಂಬುದು ನನಗೆ ಹೊಳೆಯಲು ಒಂದು ಮೀನು ತನ್ನ ಕಡಲು ಕಳೆದುಕೊಂಡು ಬಂದು ಗಾಜಿನೊಳಗೆ ಸೆರೆಯಾಗಬೇಕಾಯಿತು. ಉಪ್ಪಿನ ಋಣ ಯಾರು ಯಾರಿಗೆ ತೀರಿಸಬೇಕೋ ತಿಳಿಯದು. ನಾನೂ ಇಷ್ಟು ಹೊತ್ತು ಅಪ್ಪನನ್ನು ಏಕವಚನದಲ್ಲೇ ಕರೆದದ್ದನ್ನು ನೀವು ಗಮನಿಸಿರಬೇಕು.

ಈಗ ಸಾಹೇಬಗಿರಿ ಮುಗಿದಿದೆ, ಮೀನಿಗೂ 'ಲೇ' ದಕ್ಕಿದೆ. ನಿನ್ನೆ ಊಟಕ್ಕೆ ಕುಳಿತಾಗ ಅಪ್ಪ, "ಲೇ, ಉಪ್ಪಿನ ಡಬ್ಬಿ ತಾ," ಎಂದ. ಯಾವ ಡಬ್ಬಿ ಎಂದು ನಾನು ಕೇಳುವಷ್ಟರಲ್ಲಿ, ತೊಟ್ಟಿಯಲ್ಲಿ ಅವನೂ ಓಗೊಟ್ಟು ಮೇಲೆ ಬಂದಿದ್ದ.